ಅಕ್ಕನಿಗೆ ಹೇಳದೆ ಮಾಡಿಸಿಕೊಂಡ ಸುಂತಿ

ನನಗೆ ಇಪ್ಪತ್ತನಾಲ್ಕು ವರ್ಷ ಆದಾಗ ಸುಂತಿ, ಅಂದರೆ ಸುನ್ನತಿ, ಮಾಡಿಸಿಕೊಂಡೆ. ಜಡ್ಡಿಗಾಗಿ ಮಾಡಿಸಿಕೊಂಡೆ, ಬೇರೆ ಯಾವುದಕ್ಕೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಹೇಳಲು ಹೋದಾಗಲೆಲ್ಲ ಎದುರಿಗಿದ್ದವರು ನಡುವೆಯೇ ಬಾಯಿ ಹಾಕಿದ್ದಾರೆ. ನಾನು ಕಲಿತದ್ದು ಆರನೇ ಕ್ಲಾಸು. ಬಂದಷ್ಟು ಬರೆಯುತ್ತೇನೆ. ನನ್ನಂಥವನೊಬ್ಬ ಎಲ್ಲೋ ಗೋಡೆಗೆ ಹಣೆ ಒತ್ತಿ, ಉಚ್ಚೆ ಬರಲೆಂದು ಕಾಯುತ್ತ ನಿಂತಿರುತ್ತಾನೆ. ಇನ್ನೊಬ್ಬನೂ ಹಾಗೆ ನಿಂತಿದ್ದ ಅಂತ ಅವನಿಗೆ ಗೊತ್ತಾಗಲಿ. ಇಷ್ಟೇ ಕಾರಣ.

ನಾನು ನಾಲ್ಕು ವರ್ಷದವನಿದ್ದಾಗ ಅವ್ವ ಸತ್ತಳು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಶಾಂತಕ್ಕ ಅದೇ ವರ್ಷ ಮದುವೆಯಾಗಿ ಕಮಲಾಪುರದ ಗಂಡನ ಮನೆಗೆ ಹೋಗುವಾಗ ನನ್ನನ್ನೂ ಸೊಂಟದ ಮೇಲೆ ಕೂಡಿಸಿಕೊಂಡು ಹೋದಳು. ಅವಳ ಗಂಡ ಬಸಣ್ಣ ಮಾವ ಬೇಡ ಅನ್ನಲಿಲ್ಲ. ಮರುವರ್ಷ ಅವರಿಗೆ ಮಗಳು ಹುಟ್ಟಿದಳು, ಜಗದೇವಿ. ತೊಟ್ಟಿಲಲ್ಲಿದ್ದಾಗಲೇ ಅವಳು ನನಗೆ ಅಂತ ಮಂದಿ ಅಂದರು. ನಮ್ಮ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ಹೊಸದಲ್ಲ. ಅವಳಿಗೆ ಹತ್ತೊಂಬತ್ತು ತುಂಬಿದಾಗ ಮಾತು ಗಟ್ಟಿಯಾಯಿತು, ತಿಥಿ ನೋಡಿದರು. ಆಗ ನಾನು ಕಲಬುರಗಿಯ ಕಪನೂರಿನಲ್ಲಿ ಟ್ರ್ಯಾಕ್ಟರ್ ಟ್ರ್ಯಾಲಿ ಮಾಡುವ ಕಾರ್ಖಾನೆಯಲ್ಲಿ ವೆಲ್ಡರ್. ವಾರವೆಲ್ಲ ಅಲ್ಲೇ ಖೋಲಿಯಲ್ಲಿ ಇದ್ದು, ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಬರುತ್ತಿದ್ದೆ. ಇದು ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು.

ಉಚ್ಚೆಯ ಜಾಗದ ಮುಂದಿನ ಚರ್ಮ ಹಿಂದೆ ಸರಿಯುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಎಲ್ಲರದೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಯಾರದನ್ನು ನೋಡಿ ತಿಳಿಯಬೇಕು? ಇಪ್ಪತ್ತೆರಡಕ್ಕೆ ಉರಿ ಶುರುವಾಯಿತು. ಚರ್ಮ ಬಾತು, ಒಡೆದು, ಮಾಯ್ದು, ಮತ್ತೆ ಒಡೆಯುತ್ತಿತ್ತು. ಮಾಯ್ದ ಕಡೆ ಬೆಳ್ಳಗೆ ಗಟ್ಟಿಯಾಗುತ್ತಿತ್ತು. ಒಂದಕ್ಕೆ ನಿಂತರೆ ಮೊದಲು ತುದಿ ಉಬ್ಬುತ್ತಿತ್ತು, ಆಮೇಲೆ ಹನಿ ಹನಿ. ಆ ಹನಿಗಳು ವೆಲ್ಡಿಂಗಿನ ಕಿಡಿ ಇದ್ದಂತೆ.

ಉರಿ ಅಂತ ಹೇಳಿದರೆ ಕಲಬುರಗಿಯಲ್ಲಿ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಇಲ್ಲಿಯ ಬಿಸಿಲು ಅಂಥದ್ದು. ಉರಿ ಅಂದರೆ ಝಳ, ಝಳ ಅಂದರೆ ತಂಪು ಮಾಡಿಕೋ. ನನ್ನ ಜೊತೆ ಕೆಲಸ ಮಾಡುವ ಚಾಂದಭಾಯಿಯೂ ಹಾಗೇ ಅಂದ. ನನಗಿಂತ ಹದಿನೈದು ವರ್ಷ ದೊಡ್ಡವನು, ನನ್ನ ಕೈಗೆ ಮೊದಲ ವೆಲ್ಡಿಂಗ್ ರಾಡ್ ಕೊಟ್ಟವನು.

"ದಿನಾ ಬೆಂಕಿ ಮುಂದ ಕುಂದರ್ತಿ, ಉರಿ ಹತ್ತಲಾರ್ದೆ ಏನ್ ಥಂಡಿ ಹತ್ತತಾದ? ಸಬ್ಜಾ ಬೀಜ ನೆನಿ ಹಾಕಿ ಕುಡಿ."

ಕುಡಿದೆ. ಹೊಕ್ಕಳಿಗೆ ಔಡಲೆಣ್ಣೆ ಹಚ್ಚಿಕೊಂಡೆ. ಎರಡು ಬೇಸಿಗೆ ಹೀಗೇ ಹೋದವು. ಮಳೆಗಾಲದಲ್ಲೂ ಉರಿ ಇತ್ತು, ಆದರೂ ಝಳ ಅಂತಲೇ ನಂಬಿದೆ. ನಂಬುವುದು ಸುಲಭವಿತ್ತು.

ಊರಿಗೆ ಹೋದಾಗ ಅಕ್ಕನಿಗೆ ಅನುಮಾನ ಬಂತು. ಹಿತ್ತಲಿಗೆ ಹೋದವನು ಅರ್ಧ ತಾಸು ಬರುತ್ತಿರಲಿಲ್ಲ.

"ಏನಾಗ್ಯಾದೋ ಶರಣ್ಯಾ ನಿನಗ?"

ಸಣ್ಣವನಿದ್ದಾಗ ಹೊಟ್ಟೆ ಕಚ್ಚಿದರೂ ಅವಳ ಹತ್ತಿರವೇ ಓಡುತ್ತಿದ್ದೆ. ಆದರೆ ಮದುವೆ ಮಾತು ಆದ ದಿನದಿಂದ ಅವಳು ನನ್ನ ಅತ್ತೆಯಾಗಿದ್ದಳು. ಅತ್ತೆಯಾಗುವವಳ ಮುಂದೆ ಆ ಜಾಗದ ಹೆಸರು ಹೇಳುವುದು ಹೇಗೆ? ಅಲ್ಲಿ ಕೆಟ್ಟಿದೆ ಅಂದರೆ ಮಗಳನ್ನು ಕೊಡುತ್ತಾಳೆಯೆ? ಬಾಯಿಗೆ ಬಂದದ್ದು ಹೇಳಿದೆ.

"ಕಲ್ಲು ಅದ ಅಂತ ಅಕ್ಕಾ. ಮೂತ್ರದ್ದು."

ನನ್ನ ಜೀವನದಲ್ಲಿ ಅಷ್ಟು ದಡ್ಡ ಸುಳ್ಳು ಬೇರೆ ಇಲ್ಲ. ಕಮಲಾಪುರ ಕೆಂಪು ಬಾಳೆಯ ಊರು. ನಮ್ಮ ಹಿತ್ತಲಲ್ಲೇ ನಾಲ್ಕು ಗಿಡ ಇದ್ದವು. ಕಲ್ಲಿಗೆ ಬಾಳೆದಿಂಡಿನ ರಸ ಅಂತ ಅಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಕ್ಕ ಪ್ರತಿ ಭಾನುವಾರ ದಿಂಡು ಕುಟ್ಟಿ, ಬಟ್ಟೆಯಲ್ಲಿ ಹಿಂಡಿ, ದೊಡ್ಡ ಚರಿಗೆ ತುಂಬ ತಂದು ಎದುರಿಗೆ ಕೂಡುತ್ತಿದ್ದಳು.

"ಕುಡಿ. ಒಂದ್ ಹನಿ ಬಿಟ್ಟಿ ಅಂದ್ರ ನೋಡು."

"ಸಾಕು ಅಕ್ಕಾ."

"ಸಾಕಂತ! ಅತ್ತಿ ಮಾತ್ ಕೇಳಲಾರ್ದಂವ ಹೆಂಡ್ತಿ ಮಾತ್ ಏನ್ ಕೇಳ್ತೀಯೋ?"

ಒಳಗೆ ಜಗದೇವಿ ನಗುವುದು ಕೇಳುತ್ತಿತ್ತು. ಕುಡಿಯುತ್ತಿದ್ದೆ. ಎಷ್ಟು ಕುಡಿದರೆ ಅಷ್ಟು ಉಚ್ಚೆ. ಎಷ್ಟು ಉಚ್ಚೆಯೋ ಅಷ್ಟು ಉರಿ. ಬಾಳೆಗಿಡದ ಹಿಂದೆ ಹೋಗಿ ಟವೆಲ್ ಕಚ್ಚಿಕೊಂಡು ನಿಲ್ಲುತ್ತಿದ್ದೆ. ಆರು ತಿಂಗಳು.

ಕೊನೆಗೆ ಸಿಕ್ಕಿಬಿದ್ದದ್ದು ಕಾರ್ಖಾನೆಯಲ್ಲಿ. ಟ್ರ್ಯಾಲಿಯ ಹಿಂದೆ ನಿಂತಿದ್ದೆ.

"ಏ ಶರಣ್ಯಾ," ಚಾಂದಭಾಯಿ ಕೂಗಿದ. "ಅಲ್ಲೇನ್ ಬಾವಿ ತೋಡ್ಲಾಕತ್ತೀಯೇನೋ? ರಾಡ್ ಹಿಡ್ಕೊಂಡು ಎಷ್ಟೊತ್ತು ನಿಂದರ್ಲಿ ನಾ?"

ಅವನು ಬಂದು ನೋಡಿದ. ನಾನು ಅಳುತ್ತಿದ್ದೆ. ಪ್ಯಾಂಟಿಗೆ ರಕ್ತ ಹತ್ತಿತ್ತು.

"ತೋರ್ಸು."

"ಹೋಗ್ರಿ ಚಾಂದಭಾಯಿ."

"ಮೂರು ಗಂಡು ಹುಡುಗ್ರ ಬಾಪ್ ಇದ್ದೀನಿ ನಾ. ನೋಡಲಾರ್ದದ್ದು ಏನ್ ಅದ ನಿಂದು? ತೋರ್ಸು."

ನೋಡಿ ಅವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಯಾ ಅಲ್ಲಾ. ಇದು ಝಳಾ ಅಲ್ಲೋ. ನಾನೇ ನಿನಗ ಸಬ್ಜಾ ಕುಡಿ ಅಂದಿದ್ನಲ್ಲೋ."

ಮರುದಿನ ಸೂಪರ್ ಮಾರ್ಕೆಟ್ ಹಿಂದಿನ ಒಂದು ಖಾಸಗಿ ದವಾಖಾನೆಗೆ ಹೋದೆವು. ಕಾಯುವವರು ಕೂಡುವ ಬಾಕಿನ ಮೇಲೆ ಎಲ್ಲರೂ ಗಂಡಸರೇ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಒಬ್ಬ ನಿನ್ನೆಯ ಪೇಪರನ್ನು ತೊಡೆಯ ಮೇಲೆ ಹರಡಿಕೊಂಡಿದ್ದ, ಓದುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಮುದುಕನಿಗೆ ಮಾತ್ರ ಭಿಡೆ ಇರಲಿಲ್ಲ. ಅವನಿಗೆ ನಳಿಗೆ ಹಾಕಿದ್ದರು, ಉಚ್ಚೆಯ ಚೀಲವನ್ನು ಕೈಚೀಲದ ಹಾಗೆ ಹಿಡಿದುಕೊಂಡಿದ್ದ.

"ನಿಂದೇನ್ ತಮ್ಮಾ?"

"ಕಲ್ಲು."

"ಬಾಳಿದಿಂಡಿನ ರಸ ಕುಡಿ."

ಚಾಂದಭಾಯಿ ಮುಖ ಆ ಕಡೆ ತಿರುಗಿಸಿ ನಕ್ಕ. ನನಗೂ ನಗು ಬಂತು. ಆ ಎರಡು ವರ್ಷದಲ್ಲಿ ನಕ್ಕದ್ದು ಅದೊಂದೇ ನನಗೆ ನೆನಪಿದೆ.

ಡಾಕ್ಟರು ನೋಡಿದ್ದು ಎರಡು ನಿಮಿಷ.

"ಮದುವಿ ಆಗ್ಯಾದೇನು?"

"ಎರಡು ತಿಂಗಳದಾಗ ಅದರಿ."

"ಅದಕ್ಕ ಮೊದಲೇ ಈ ಚರ್ಮ ತೆಗೀಬೇಕು. ಸುಂತಿ ಅಂತಾರಲ್ಲ, ಅದೇ."

"ಮಲಾಮಿನ್ಯಾಗ ಹೋಗಂಗಿಲ್ಲೇನ್ರಿ?"

"ಎರಡು ವರ್ಷದ ಹಿಂದ ಬಂದಿದ್ರ ಮಲಾಮು ಹಚ್ಚಿ ನೋಡ್ತಿದ್ದೆ. ಈಗ ಚರ್ಮ ಎಲ್ಲಾ ಗಟ್ಟಿ ಆಗ್ಯಾದ. ರಂಧ್ರದ ತನಾ ಹೋಗ್ಯಾದ."

ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸುಂತಿ ಅನ್ನುವ ಮಾತು ಕಮಲಾಪುರಕ್ಕೆ ಮುಟ್ಟಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಜಾತಿ ಬಿಟ್ಟ ಅನ್ನುತ್ತಾರೆ, ಇಲ್ಲವೇ ಗಂಡಸುತನ ಹೋಯಿತು ಅನ್ನುತ್ತಾರೆ. ಎರಡರಲ್ಲಿ ಯಾವುದು ಅಂದರೂ ಜಗದೇವಿ ನನಗಿಲ್ಲ. ಮಾಡಿಸಿಕೊಳ್ಳದಿದ್ದರೂ ಇಲ್ಲ, ಯಾಕೆಂದರೆ ಇದನ್ನು ಇಟ್ಟುಕೊಂಡು ಮದುವೆಯಾಗಿ ಏನು ಮಾಡಲಿ? ಗುಟ್ಟಾಗಿ ಮಾಡಿಸಿಕೊಂಡು, ಮಾಯಿಸಿಕೊಂಡು, ಬಾಸಿಂಗ ಕಟ್ಟಿಕೊಳ್ಳುವುದು ಅಂತ ಗಟ್ಟಿ ಮಾಡಿದೆ. ಮನೆಗೆ ಸೊಲ್ಲಾಪುರದಲ್ಲಿ ಹತ್ತು ದಿನದ ಕೆಲಸ ಅಂತ ಹೇಳಿದೆ. ಅದು ಎರಡನೇ ಸುಳ್ಳು.

ಆಪರೇಷನ್ನಿಗೆ ಮನೆಯವರ ಸಹಿ ಬೇಕಂದರು. ಚಾಂದಭಾಯಿ ಪೆನ್ನು ತೆಗೆದುಕೊಂಡ. ಬರೆದುಕೊಳ್ಳುವ ಹೆಂಗಸು ಅವನ ಹೆಸರು ನೋಡಿದಳು, ನನ್ನ ಹೆಸರು ನೋಡಿದಳು.

"ನೀವು ಪೇಶಂಟಿಗಿ ಏನಾಗ್ಬೇಕ್ರಿ?"

"ಅಣ್ಣ."

"ಅಣ್ಣ ಹ್ಯಾಂಗ ಆಗ್ತೀರಿ?"

"ಆರು ವರ್ಷ ಒಂದೇ ಮಷೀನಿನ ಹೊಗಿ ಕುಡ್ದೀವ್ರಿ ಬಾಯಾರ. ಇನ್ನೇನ್ ಬೇಕು?"

ಬೆನ್ನಿಗೆ ಸೂಜಿ ಹಾಕಿದರು. ಸೊಂಟದ ಕೆಳಗೆ ನಾನೇ ಇರಲಿಲ್ಲ. ಮೇಲೆ ದೀಪ, ನಡುವೆ ಹಸಿರು ಬಟ್ಟೆಯ ಪರದೆ. ಕತ್ತರಿಯ ಸಪ್ಪಳ ಕೇಳಿಸಿತು. ನರ್ಸ್ ನನ್ನ ಹಣೆಯ ಬೆವರು ಒರೆಸಿದಳು. ಅವಳು ಯಾರೋ ಗೊತ್ತಿಲ್ಲ, ಆ ಕೈ ಮಾತ್ರ ಈಗಲೂ ನೆನಪಿದೆ.

ಎರಡನೇ ದಿನ ಬಿಟ್ಟರು. ಖೋಲಿಯಲ್ಲಿ ಒಬ್ಬನೇ ಹೇಗಿರುತ್ತಿ ಅಂತ ಚಾಂದಭಾಯಿ ತನ್ನ ಮನೆಗೆ ಕರೆದುಕೊಂಡು ಹೋದ. ಅವನ ತಾಯಿ ಮುದುಕಿ, ಎಲ್ಲರೂ ಬಡೀ ಅಮ್ಮಾ ಅನ್ನುತ್ತಿದ್ದರು. ಕನ್ನಡ ಅವಳಿಗೆ ಅಷ್ಟಕ್ಕಷ್ಟೇ. ಆದರೆ ಈ ಬಾಣಂತನ ಅವಳಿಗೆ ಡಾಕ್ಟರಿಗಿಂತ ಚಲೋ ಗೊತ್ತಿತ್ತು. ಮನೆಯಲ್ಲಿ ಮೂರು ಮೊಮ್ಮಕ್ಕಳದು ಮಾಡಿದವಳು. ಬಟ್ಟೆ ತಾಗಿದರೆ ಜೀವ ಹೋಗುತ್ತಿತ್ತು. ಅವಳು ನನಗೆ ಹೊಸ ಕೆಂಪು ಲುಂಗಿ ಉಡಿಸಿ, ಅದರ ನಡುವಿಗೆ ಒಂದು ದಾರ ಕಟ್ಟಿ, ಮೇಲೆ ತೊಲೆಯ ಮೊಳೆಗೆ ಎಳೆದು ಬಿಗಿದಳು. ಲುಂಗಿ ಸಣ್ಣ ಡೇರೆಯ ಹಾಗೆ ಎದ್ದು ನಿಂತಿತು. ಗಾಳಿ ಆಡಿತು. ಅಂಥ ಸುಖ ನಾನು ಎರಡು ವರ್ಷದಲ್ಲಿ ಕಂಡಿರಲಿಲ್ಲ.

ನಾಲ್ಕನೇ ದಿನ ಅವಳು ಮಲ್ಲಿಗೆ ಹಾರ ತಂದು ನನ್ನ ಕೊರಳಿಗೆ ಹಾಕಿದಳು. ತುಪ್ಪ ಬೆಲ್ಲ ಹಾಕಿ ರೊಟ್ಟಿ ಮುರಿದು ಕಲಸಿದ ಮಲೀದಾ ತಂದು ಬಾಯಿಗಿಟ್ಟಳು.

"ಬ್ಯಾಡ ಬಡೀ ಅಮ್ಮಾ, ನಾ ಏನ್ ಸಣ್ಣ ಹುಡುಗ್ನೇನು?" ಅಂದೆ.

"ಮೇರೆ ಘರ್ ಮೇ ಜಿಸ್ಕಾ ಬೀ ಹುಯಾ, ಉಸ್ಕು ಹಾರ್ ಡಾಲಿ ಮೈಂ. ತೂ ಕೈಕು ಖಾಲಿ ರಹ್ನಾ?" ಅಂದಳು. ತನ್ನ ಮನೆಯಲ್ಲಿ ಯಾರಿಗೆ ಆದರೂ ಹಾರ ಹಾಕಿದ್ದೇನೆ, ನೀನೊಬ್ಬ ಯಾಕೆ ಬರೀ ಕೊರಳಲ್ಲಿ ಇರಬೇಕು ಅಂತ.

ತೆಗೆದುಬಿಡಬೇಕಿತ್ತು. ತೆಗೆಯಲಿಲ್ಲ. ಅವ್ವ ಸತ್ತ ಮೇಲೆ ನನಗೆ ಯಾರೂ ಹಾರ ಹಾಕಿರಲಿಲ್ಲ. ಬಾಯಿ ತೆರೆದೆ.

ಆಗ ಬಾಗಿಲಲ್ಲಿ ಬಸಣ್ಣ ಮಾವ ನಿಂತಿದ್ದರು.

ಸೂಪರ್ ಮಾರ್ಕೆಟ್ಟಿನ ಪ್ರೆಸ್ಸಿನಲ್ಲಿ ನಮ್ಮ ಲಗ್ನಪತ್ರಿಕೆ ತಯಾರಾಗಿತ್ತು. ಅದರ ಕಟ್ಟು ಬಗಲಲ್ಲಿತ್ತು. ನಾನಿಲ್ಲದಿದ್ದರೂ ನನ್ನ ಮಾಲೀಕರಿಗೆ ಕೊಟ್ಟು ಹೋಗೋಣ ಅಂತ ಕಾರ್ಖಾನೆಗೆ ಹೋಗಿದ್ದಾರೆ. ಶರಣು ಸೊಲ್ಲಾಪುರದಲ್ಲಿಲ್ಲ, ಆರಾಮಿಲ್ಲ ಅಂತ ಚಾಂದನ ಮನೆಯಲ್ಲಿ ಮಲಗಿದ್ದಾನೆ ಅಂತ ಮಾಲೀಕರು ಹೇಳಿಬಿಟ್ಟಿದ್ದಾರೆ. ಅವರ ತಪ್ಪಿಲ್ಲ. ಮನೆಗೆ ಸುಳ್ಳು ಹೇಳಿದ್ದೇನೆ ಅಂತ ಅವರಿಗೆ ನಾನು ತಿಳಿಸಿರಲಿಲ್ಲ.

ಮಾವ ಲುಂಗಿ ನೋಡಿದರು, ದಾರ ನೋಡಿದರು, ಹಾರ ನೋಡಿದರು. ಈ ಸೀಮೆಯಲ್ಲಿ ಹುಟ್ಟಿದವರಿಗೆ ಅದೇನು ಅಂತ ಬಿಡಿಸಿ ಹೇಳಬೇಕಿಲ್ಲ. ಓಣಿಯಲ್ಲಿ ಎಷ್ಟು ಮನೆಯ ಹುಡುಗರನ್ನು ಹಾಗೆ ಕೂಡಿಸಿದ್ದು ಕಂಡಿಲ್ಲ?

"ಮಾವಾ, ಜಡ್ಡಿಗಿ ರಿ. ಡಾಕ್ಟರ ಚೀಟಿ ಅದರಿ. ಕೇಳ್ರಿ ಇಲ್ಲಿ..."

ಬಡೀ ಅಮ್ಮಾ ಬಂದವರು ನೆಂಟರು ಅಂತ ತಿಳಿದು ಅವರ ಮುಂದೆಯೂ ಮಲೀದಾದ ತಾಟು ಹಿಡಿದಳು. ಮಾವ ತಿರುಗಿದರು. ನಾನು ಏಳಲು ಹೋದೆ. ದಾರ ಎಳೆಯಿತು. ಲುಂಗಿ ತೊಲೆಗೆ ಕಟ್ಟಿತ್ತು, ಗಂಟು ಬಿಚ್ಚಲು ಬರಲಿಲ್ಲ. ಹೊರಗೆ ಆಟೋ ಶುರುವಾದ ಸಪ್ಪಳ ಕೇಳಿಸಿತು. ಲಗ್ನಪತ್ರಿಕೆಯ ಕಟ್ಟನ್ನು ಅವರು ಇಟ್ಟು ಹೋಗಲಿಲ್ಲ.

ಹತ್ತನೇ ದಿನ, ಇನ್ನೂ ಕಾಲು ಅಗಲಿಸಿ ನಡೆಯುತ್ತ, ಕಮಲಾಪುರಕ್ಕೆ ಹೋದೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ. ಮಾವ ಕಟ್ಟೆಯ ಮೇಲೆ ಕೂತಿದ್ದರು. ಚೀಟಿ ಮುಂದೆ ಇಟ್ಟೆ.

"ಇಂಗ್ಲೀಷಿನ್ಯಾಗ ಅದ," ಅಂದರು.

"ಶಾಲಿ ಮಾಸ್ತರ ಕಡೆ ಓದ್ಸಿರಿ ಮಾವಾ."

"ಮಾಸ್ತರಗ ಓದ್ಸಿದ್ರ ಇಡೀ ಕಮಲಾಪುರಕ್ಕ ಓದ್ಸಿದಂಗ." ಚೀಟಿ ಮಡಚಿ ನನ್ನ ಕಡೆ ಸರಿಸಿದರು. "ನೀ ಜಾತಿ ಬಿಟ್ಟೀ ಅಂತ ನಾ ಅನ್ನಂಗಿಲ್ಲ ಶರಣು. ಮೊದಲ ಅನ್ಕೊಂಡಿದ್ದೆ. ಈಗ ಅನ್ನಂಗಿಲ್ಲ. ನನಗ ಬ್ಯಾರೆ ಅಂಜಿಕಿ ಅದ. ಎರಡು ವರ್ಷ ಕೆಟ್ಟಿದ್ದು ಅದು. ನಾಳಿ ನನ್ನ ಮಗಳ ಗತಿ?"

"ಸಂಸಾರಕ್ಕ ಏನೂ ತ್ರಾಸ ಇಲ್ಲಂತ ಡಾಕ್ಟರು ಅಂದಾರ್ರಿ."

"ಕಲ್ಲು ಅಂತ ನೀನೇ ಹೇಳಿದ್ದಿ. ಸೊಲ್ಲಾಪುರ ಅಂತ ನೀನೇ ಹೇಳಿದ್ದಿ. ಈಗ ಡಾಕ್ಟರು ಹೀಂಗ ಅಂದಾರ ಅಂತನೂ ನೀನೇ ಹೇಳ್ಲಾಕತ್ತಿ."

ಚೀಟಿ ಎತ್ತಿ ಕಿಸೆಯಲ್ಲಿಟ್ಟುಕೊಂಡು ಹಿತ್ತಲಿಗೆ ಹೋದೆ.

ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮುಖ ಎತ್ತಲಿಲ್ಲ.

"ನನಗ್ಯಾಕ ಹೇಳ್ಲಿಲ್ಲ?"

"ಹ್ಯಾಂಗ ಹೇಳ್ಲಿ ಅಕ್ಕಾ? ನೀ ಅತ್ತಿ ಆಗಾಕಿ."

"ಅತ್ತಿ ಈಗ ಆಗಾಕಿ ಇದ್ದೆ. ನಾಕು ವರ್ಷದವನಿದ್ದಾಗಿಂದ ನಿನ್ನ ಕುಂಡಿ ತೊಳ್ದಕಿ ನಾ. ಆಕಿಗಿ ಹೇಳ್ಬೇಕಿತ್ತು." ಒದ್ದೆ ಸೀರೆಯನ್ನು ಕಲ್ಲಿಗೆ ಒಂದು ಸಲ ಬಡಿದಳು, ನಿಲ್ಲಿಸಿದಳು. "ಆರು ತಿಂಗಳು ನಾ ಕುಂತು ಕುಂತು ಕುಡ್ಸೀನಲ್ಲೋ ನಿನಗ. ಒಂದ್ ಹನಿ ಬಿಡ್ಬ್ಯಾಡ ಅಂತಿದ್ದೆ."

ಆಮೇಲೆ ಅವಳು ಅತ್ತಳು. ನಾನು ಬಾಳೆಗಿಡದ ಹತ್ತಿರ ನಿಂತಿದ್ದೆ. ಗಂಡನಿಗೆ ಹೇಳಿ ನೋಡು ಅಂತ ಕೇಳಲು ಬಾಯಿ ಬರಲಿಲ್ಲ. ಅವಳೂ ಹೇಳುತ್ತೇನೆ ಅನ್ನಲಿಲ್ಲ. ಅವಳು ನನ್ನ ಅಕ್ಕ, ಆದರೆ ಆ ಹುಡುಗಿಯ ತಾಯಿ.

ಗಾಯ ಮಾಯಿತು. ಚರ್ಮದ ತ್ರಾಸ ಅಲ್ಲಿಗೆ ಮುಗಿಯಿತು. ಆದರೆ ಎರಡು ವರ್ಷ ಬಿಟ್ಟಿದ್ದಕ್ಕೆ ರಂಧ್ರ ಸಣ್ಣದಾಗುತ್ತ ಹೋಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಅದೇ ದವಾಖಾನೆಗೆ ಹೋಗಿ ಸಲಾಕೆ ಹಾಕಿ ಅಗಲ ಮಾಡಿಸಿಕೊಳ್ಳಬೇಕು. ಏಳು ವರ್ಷ ಆಯಿತು. ಬಾಕಿನ ಮೇಲೆ ಈಗ ನಾನೇ ಹಳಬ. ಹೊಸದಾಗಿ ಬಂದು ತಲೆ ತಗ್ಗಿಸಿ ಕೂತ ಹುಡುಗನಿಗೆ ನಿಂದೇನು ಅಂತ ಕೇಳುತ್ತೇನೆ. ಕಲ್ಲು ಅನ್ನುತ್ತಾನೆ. ಮನೆಯಲ್ಲಿ ಯಾರಿಗೆ ಹೇಳಿದ್ದೀ ಅನ್ನುತ್ತೇನೆ. ಚಪ್ಪಲಿಯ ಉಂಗುಟ ನೋಡುತ್ತಾನೆ. ನನ್ನದು ಹೇಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಎದ್ದು ಬೇರೆ ಬಾಕಿಗೆ ಹೋಗುತ್ತಾರೆ. ನಾನು ಮದುವೆಯಾಗಿಲ್ಲ. ಕೇಳಿದವರೂ ಇಲ್ಲ.

ಜಗದೇವಿಯ ಮದುವೆ ಆಗ ನಮಗೆ ನೋಡಿದ್ದ ತಿಥಿಗೇ ಆಯಿತು. ಗಂಡು ಆಳಂದದ ಕಡೆಯವನು, ಮಾವನ ತಂಗಿಯ ಮಗ. ಹೊಸ ಪತ್ರಿಕೆ ಅಚ್ಚು ಹಾಕಿಸಿದರು. ಮದುವೆಗೆ ನಾಲ್ಕು ದಿನ ಇರುವಾಗ ಬಸಣ್ಣ ಮಾವ ಕಾರ್ಖಾನೆಗೆ ಬಂದರು.

"ನೀ ಬರಬೇಕು," ಅಂದರು. "ಸೋದರಮಾವ ಅಂತ ಆಕಿಗಿ ಇರಾಂವ ನೀನೊಬ್ಬನೇ. ನೀ ನಿಂದರ್ಲಿಲ್ಲ ಅಂದ್ರ ಲಗ್ನ ಮುರದದ್ದಕ್ಕ ಮಂದಿ ಆಡೋದು ಖರೇ ಅಂತ ಆಗ್ತಾದ. ನಿನಗೂ ಚಲೋ ಅಲ್ಲ, ಆಕಿಗೂ ಚಲೋ ಅಲ್ಲ."

ಚಾಂದಭಾಯಿ ಕೈಯಲ್ಲಿದ್ದ ರಾಡ್ ಕೆಳಗಿಟ್ಟು ಹೊರಗೆ ಹೋದ. ಬರುತ್ತೇನೆ ಅಂದೆ.

ನಮ್ಮಲ್ಲಿ ಮದುಮಗಳನ್ನು ಒಳಗಿನಿಂದ ರಟ್ಟೆ ಹಿಡಿದು ಹಂದರಕ್ಕೆ ಕರೆತರುವವನು ಸೋದರಮಾವ. ಅಕ್ಕಿಕಾಳು ಬೀಳುವ ತನಕ ತುದಿಗೆ ನಿಂಬೆಹಣ್ಣು ಚುಚ್ಚಿದ ಚೂರಿ ಹಿಡಿದು ಅವಳ ಹಿಂದೆ ನಿಲ್ಲುವವನೂ ಅವನೇ. ನನ್ನ ತಲೆಗೆ ಹೊಸ ಪಟಗಾ ಸುತ್ತಿದರು. ಒಳಗೆ ಹೋಗಿ ಜಗದೇವಿಯ ರಟ್ಟೆ ಹಿಡಿದೆ. ಬಾಸಿಂಗದ ಕೆಳಗೆ ಅವಳ ಮುಖ ಕಾಣುತ್ತಿರಲಿಲ್ಲ. ಹೊಸ್ತಿಲ ಹತ್ತಿರ ಅವಳು ನಡಿಗೆ ನಿಧಾನ ಮಾಡಿದಳು.

"ಮಾಮಾ," ಅಂದಳು, ನನಗೊಬ್ಬನಿಗೆ ಕೇಳುವಷ್ಟೇ. "ಈಗ ಉರಿ ನಿಂತಾದೇನು?"

ಇಷ್ಟು ದಿನದಲ್ಲಿ ಆ ಮನೆಯವರು ಯಾರೂ ಅದನ್ನು ಕೇಳಿರಲಿಲ್ಲ. ಅವತ್ತು ಮುಂಜಾನೆಯೇ ಉಚ್ಚೆಯ ಧಾರೆ ಮತ್ತೆ ಸಣ್ಣಗಾದದ್ದು ನೋಡಿದ್ದೆ.

"ನಿಂತಾದ," ಅಂದೆ.

"ಖರೇ ಹೇಳು. ಸುಳ್ಳ್ ಹೇಳ್ಬ್ಯಾಡ."

"ಖರೇನೇ. ನಡಿ, ಮಂದಿ ಕಾಯ್ಲಾಕತ್ತಾರ."

ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ, ನಡೆದಳು. ಮಣೆಯ ಮೇಲೆ ನಿಲ್ಲಿಸಿ ಹಿಂದೆ ಸರಿದೆ. ಯಾರೋ ನನ್ನ ಕೈಗೆ ಚೂರಿ ಕೊಟ್ಟರು. ಅಂತರಪಟ ಹಿಡಿದರು, ಮಂತ್ರ ಶುರುವಾಯಿತು. ಹಂದರದಲ್ಲಿ ಅರ್ಧ ಮಂದಿ ಗಂಡು ಹೆಣ್ಣನ್ನು ನೋಡುತ್ತಿದ್ದರು, ಅರ್ಧ ಮಂದಿ ನನ್ನನ್ನು. ನಿಂಬೆಹಣ್ಣು ಬೀಳಬಾರದು ಅಂತ ಚೂರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಕ್ಕಿಕಾಳು ಬಿದ್ದವು, ಅವಳ ತಲೆಯ ಮೇಲೆ, ನನ್ನ ಪಟಗಾದ ಮೇಲೆ.